ಝೈತೂನ್ ಆಗಬೇಕಿದ್ದ ಕಪ್

ದುಬೈಯ ಊದ್ ಮೇಥಾದಲ್ಲಿ ನಾವಿದ್ದ ಝೈತೂನ್ ಬಿಲ್ಡಿಂಗಿನ ಹಿಂದೆ, ಎರಡು ಸಾವಿರದ ಹದಿನೈದರ ಆಸುಪಾಸಿನ ಆ ವರ್ಷಗಳಲ್ಲಿ, ಕಾರು ನಿಲ್ಲಿಸುವ ಮರಳಿನ ಖಾಲಿ ಜಾಗವೊಂದಿತ್ತು. ಚಳಿಗಾಲದ ಸಂಜೆ ಅಲ್ಲಿ ಏಸಿಗಳಿಂದ ತೊಟ್ಟಿಕ್ಕಿದ ನೀರಿನ ಹಸಿ ವಾಸನೆಯೂ ಮೂಲೆಯಂಗಡಿಯ ಕರಕ್ ಚಹಾದ ಏಲಕ್ಕಿ ಪರಿಮಳವೂ ಬೆರೆತಿರುತ್ತಿದ್ದವು. ಮನೆ ಖಾಲಿ ಮಾಡಿಹೋದ ಇಂಗ್ಲಿಷ್ ಮೇಷ್ಟರೊಬ್ಬರು ಲಿಫ್ಟಿನ ಬಳಿ ಇರಿಸಿದ್ದ ರಗ್ಬಿ ಚೆಂಡು ನಮ್ಮ ಪಾಲಿಗೆ ಬಂದಿತ್ತು. ಯಾವ ಕಡೆ ಪುಟಿಯುವುದೆಂದು ಯಾರಿಗೂ ತಿಳಿಯದ ಆ ಚೆಂಡಿನ ಹಿಂದೆ ಓಡಿ ಓಡಿ ನಮ್ಮ ಮೊಣಕಾಲುಗಳೆಲ್ಲ ತರಚಿದ್ದವು. ಮಕ್ಕಳಲ್ಲಿ ಹಿರಿಯಳು ನಾನು. ತಂಡ ಕಟ್ಟಿದವಳು, ನಿಯಮ ಕಲಿಸಿದವಳು, ಕಾರಿನ ಕನ್ನಡಿಗೆ ಚೆಂಡು ತಗಲಿದಾಗ ಕಾವಲಿನ ನಾತೂರ್‌ನ ಬೈಗುಳಕ್ಕೆ ತಲೆಯೊಡ್ಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮರೆತವರ ಸಂಗತಿ ಮುಂದೆ ಬರುವುದಿದೆ.

ಒಂದು ಫೆಬ್ರುವರಿಯಲ್ಲಿ ಕಟ್ಟಡ ಕೆಡವುವ ನೋಟಿಸು ಬಾಗಿಲಿಗೆ ಅಂಟಿತು. ಯಾರು ಶಾರ್ಜಾಕ್ಕೆ, ಯಾರು ಅಬುಧಾಬಿಯ ಖಲೀಫಾ ಸಿಟಿಗೆ, ಯಾರು ಊರಿಗೆ ಎಂಬುದೊಂದೇ ಎಲ್ಲ ಮನೆಗಳ ಮಾತಾಯಿತು. ನಮಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಚೆಂಡು ಕಾಣದಷ್ಟು ಕತ್ತಲಾದರೂ ಆಟ ಬಿಡುತ್ತಿರಲಿಲ್ಲ.

ಅಪ್ಪ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಟೀವಿಯಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳ ರಗ್ಬಿ ನೋಡಿ ಬಂದವರು ಊಟಕ್ಕೆ ಕುಳಿತು ಹೇಳಿದರು: "ಅವರು ಆಡುವುದು ಯಾವ ಕಪ್ಪಿಗೆ ಗೊತ್ತುಂಟಾ? ಕಲ್ಕತ್ತಾ ಕಪ್. ಬ್ರಿಟಿಷರ ಕಾಲದಲ್ಲಿ ಅಲ್ಲೊಂದು ಕ್ಲಬ್ಬಿತ್ತು. ಆಡುವವರು ಕಮ್ಮಿಯಾದ್ರು, ಕ್ಲಬ್ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದ ಬೆಳ್ಳಿ ರೂಪಾಯಿ ತೆಗೆದು, ಕರಗಿಸಿ, ಕಪ್ ಮಾಡಿಸಿದ್ರು. ಹಿಡಿಕೆಗೆ ನಾಗರಹಾವು, ಮುಚ್ಚಳದ ಮೇಲೆ ಆನೆ."

"ಯಾರ ಹೆಸರಿಟ್ರು?"

"ಯಾರದ್ದೂ ಇಲ್ಲ ಮಾರಾಯ್ತಿ. ಊರಿನದ್ದು."

ಆ ಉತ್ತರ ನನ್ನನ್ನು ನಿದ್ರಿಸಗೊಡಲಿಲ್ಲ. ಮರುದಿನ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ ಮಾತು ತೆಗೆದುಕೊಂಡೆ: ನಮ್ಮದೂ ಒಂದು ಬೆಳ್ಳಿ ಕಪ್ ಆಗಬೇಕು, ಅದರ ಮೇಲೆ 'ಝೈತೂನ್' ಎಂದಿರಬೇಕು, ಬೇರೇನೂ ಇರಬಾರದು. ನಾಲ್ಕನೆಯ ಮಹಡಿಯ ರೋಯನ್ ಎಲ್ಲರಿಗಿಂತ ಗಟ್ಟಿಯಾಗಿ, "ಪ್ರಾಮಿಸ್, ಅಕ್ಕ" ಎಂದ.

ನಮ್ಮಲ್ಲಿ ಬೆಳ್ಳಿ ರೂಪಾಯಿ ಎಲ್ಲಿಯದು? ಹಸುಗೂಸಾಗಿದ್ದಾಗಿನ ಬೆಳ್ಳಿ ಮಾತ್ರ ಎಲ್ಲರ ಮನೆಯಲ್ಲೂ ಇತ್ತು. ರೋಯನ್ ತನ್ನ ದೀಕ್ಷಾಸ್ನಾನಕ್ಕೆ ಬಂದ ಚಮಚ ತಂದ. ಮೈಸೂರಿನವರ ಅವಳಿ ಮಕ್ಕಳು ತುಂಡಾದ ಉಡಿದಾರ ತಂದರು. ನನ್ನದು ಅಜ್ಜಿ ನಾಮಕರಣಕ್ಕೆ ಮಾಡಿಸಿದ, ಗೆಜ್ಜೆಗಳಿದ್ದ ಜೋಡಿ ಕಾಲ್ಕಡಗ. ತೂಕದಲ್ಲಿ ಅದೇ ಹೆಚ್ಚು.

"ಅದು ನಿನ್ನ ಮಗುವಿಗೆ ಅಂತ ತೆಗೆದಿಟ್ಟದ್ದು," ಎಂದು ಅಮ್ಮ ಪೆಟ್ಟಿಗೆ ಮುಚ್ಚಿದರು. "ಕರಗಿದ್ರೆ ಖಲಾಸ್. ಮತ್ತೆ ಬೇಕೂಂದ್ರೆ ಯಾರು ಕೊಡ್ತಾರೆ?"

ಊಟ ಬಿಟ್ಟು ಹಟ ಹಿಡಿದೆ. ಕೊನೆಗೆ ಅಮ್ಮ ಒಂದು ಷರತ್ತಿನ ಮೇಲೆ ಕೊಟ್ಟರು: ಒಂದೇ ಒಂದು ಗೆಜ್ಜೆಯನ್ನು ಕರಗಿಸದೆ, ಕಲ್ಕತ್ತಾದವರ ಆನೆಯಂತೆ ಮುಚ್ಚಳದ ಮೇಲೆ ಕೂರಿಸಬೇಕು.

ರೋಯನ್‌ನ ತಂದೆ ಸಿಪ್ರಿಯನ್ ಅಂಕಲ್ ಎಲ್ಲವನ್ನೂ ಬರ್ ದುಬೈಯ ಬೆಳ್ಳಿ ಕೆಲಸದವನಿಗೆ ಒಯ್ದರು. ರಟ್ಟಿನ ಪೆಟ್ಟಿಗೆಗಳ ನಡುವೆ ನಾನು ದಿನವೂ ಲಿಫ್ಟಿನ ಸದ್ದಿಗೆ ಕಿವಿಗೊಟ್ಟೆ. ಕೊನೆಯ ಸಂಜೆ ಮರಳಿನ ಮೇಲೆ ಎಲ್ಲರೂ ಸೇರಿದಾಗ ಅವರು ಕರವಸ್ತ್ರ ಬಿಚ್ಚಿದರು. ಕಾಫಿ ಲೋಟದಷ್ಟು ಎತ್ತರದ ಕಪ್, ನೆತ್ತಿಯಲ್ಲಿ ನನ್ನ ಗೆಜ್ಜೆ. ಹೊಟ್ಟೆಯ ಮೇಲೆ ಕೊರೆದದ್ದು: 'ರೋಯನ್ ಕಪ್'.

"ಝೈತೂನ್ ಎಲ್ಲಿ, ಅಂಕಲ್?"

"ಬೀಳುವ ಬಿಲ್ಡಿಂಗಿನ ಹೆಸರು ಯಾಕೆ ಮಗಾ? ಅವನಿಗೊಂದು ನೆನಪಿರ್ಲಿ. ನೀನು ದೊಡ್ಡವಳಲ್ವಾ, ಅಡ್ಜಸ್ಟ್ ಮಾಡ್ಕೋ."

"ಹಾಗಾದ್ರೆ ನನ್ನ ಬೆಳ್ಳಿ ವಾಪಸ್ ಕೊಡಿ."

ಅಂಕಲ್ ನಕ್ಕು ಕಪ್ಪನ್ನು ನನ್ನ ಮುಂದೆ ಹಿಡಿದರು. "ಗೆಜ್ಜೆಯೊಂದು ಬಿಟ್ರೆ ಇದ್ರಲ್ಲಿ ನಿಂದು ಯಾವುದು, ತೋರಿಸು."

ದೊಡ್ಡವರೆಲ್ಲ ನಕ್ಕರು. ಮಾತು ಕೊಟ್ಟಿದ್ದ ರೋಯನ್, "ಇಟ್ಸ್ ಜಸ್ಟ್ ಎ ನೇಮ್, ಅಕ್ಕ" ಎಂದ.

ಅಂಕಲ್‌ಗೆ ಆಗ ಕೆಲಸ ಹೋಗಿತ್ತು, ಊರಿಗೆ ಹೊರಟ ಮಗನ ಕೈಗೆ ಕೊಡಲು ಬೇರೇನೂ ಇರಲಿಲ್ಲ ಎಂದು ಅಮ್ಮ ಬಳಿಕ ತಿಳಿಸಿದರು. ಕೇಳಿಸಿಕೊಂಡೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಕೊರೆದ ಹೆಸರನ್ನು ಮಾತ್ರ ಇಂದಿಗೂ ಒಪ್ಪಲಾರೆ. ಈ ವಯಸ್ಸಿಗೇ ಇಷ್ಟು ಹಳೆಯದನ್ನು ಹೊತ್ತು ತಿರುಗಬಾರದೆಂದು ಬುದ್ಧಿ ಹೇಳುವವರ ಬಾಲ್ಯದ ಮನೆಗಳು ಇನ್ನೂ ನಿಂತಲ್ಲೇ ನಿಂತಿವೆ.

ಝೈತೂನ್ ಇದ್ದಲ್ಲಿ ಈಗ ಗಾಜಿನ ಗೋಪುರವಿದೆ, ಮರಳಿದ್ದಲ್ಲಿ ನೆಲದಡಿಯ ಪಾರ್ಕಿಂಗ್. ಮುಚ್ಚಿಹೋದ ಕ್ಲಬ್ಬಿನ ಊರಿನ ಹೆಸರು ಹೊತ್ತ ಕಪ್ಪಿಗಾಗಿ ಎರಡು ದೇಶಗಳು ಇಂದಿಗೂ ಸೆಣಸುತ್ತವೆ. ನಮ್ಮ ಕಟ್ಟಡದ ಹೆಸರಾದರೋ, ಬರೆಯಬೇಕಿದ್ದ ಒಂದೇ ಒಂದು ಜಾಗದಲ್ಲೂ ಇಲ್ಲ.

ಕಳೆದ ತಿಂಗಳು ಕೆನಡಾದಿಂದ ರೋಯನ್ ವೀಡಿಯೊ ಕರೆ ಮಾಡಿದ. ಹಿಂದಿನ ಕಪಾಟಿನಿಂದ ಕಪ್ ತೆಗೆದು ತೋರಿಸುತ್ತ ಮುಚ್ಚಳ ಅಲ್ಲಾಡಿಸಿದ, ಗೆಜ್ಜೆ ಘಲ್ಲೆಂದಿತು. "ಅಕ್ಕ, ಇದ್ರ ಮೇಲೆ ಈ ಗೆಜ್ಜೆ ಯಾಕೆ ಉಂಟು? ಡ್ಯಾಡಿಗೂ ನೆನಪಿಲ್ವಂತೆ."

ಇಷ್ಟು ವರ್ಷ ಜೋಡಿಸಿಟ್ಟಿದ್ದ ಉತ್ತರಗಳೆಲ್ಲ ಒಟ್ಟಿಗೆ ನೆನಪಾದವು. ಫೋನನ್ನು ಕಿವಿಗೆ ಹತ್ತಿರ ತಂದೆ.

"ಇನ್ನೊಮ್ಮೆ ಅಲ್ಲಾಡಿಸು" ಎಂದೆ.