ಬಿಳಿ ಚಡ್ಡಿಗೆ ಹತ್ತು, ಕರಿ ಚಡ್ಡಿಗೆ ಒಂಬತ್ತು

ಸದ್ದು ಇಟ್ಟುಕೊಂಡು ಬಾಕ್ಸಿಂಗ್ ನೋಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾಮೆಂಟರಿ ಹೇಳುವವನಿಗೆ ಒಬ್ಬ ಆಟಗಾರ ಇಷ್ಟವಾದರೆ ಮುಗಿಯಿತು, ಅವನು ಗಾಳಿಗೆ ಗುದ್ದಿದರೂ ಏಟು ಬಿತ್ತು ಎನ್ನುತ್ತಾನೆ. ಜನ ಹೋ ಎಂದು ಕೂಗಿದರೆ ಕಣ್ಣಿಗೆ ಇಲ್ಲದ್ದೂ ಕಾಣುತ್ತದೆ. ಅದಕ್ಕೇ ನಾನೂ ಜಕ್ಕೂರಿನ ನನ್ನ ಗೆಳೆಯನೂ ಹಳೆಯ ವಿಶ್ವಪಟ್ಟದ ಪಂದ್ಯಗಳನ್ನೆಲ್ಲ ಟಿವಿಯ ಬಾಯಿ ಮುಚ್ಚಿಸಿಯೇ ನೋಡುತ್ತಿದ್ದೆವು. ಇಪ್ಪತ್ತೆರಡು ವರ್ಷ, ಹೆಚ್ಚುಕಡಿಮೆ ಎಲ್ಲ ಭಾನುವಾರಗಳೂ ಹಾಗೇ ಕಳೆದವು.

ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದವರು, ಅದರ ಬಾಕ್ಸಿಂಗ್ ತಂಡದಲ್ಲಿ ಒಟ್ಟಿಗೆ ಏಟು ತಿಂದವರು. ಅವನದು ಜಕ್ಕೂರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಮೇಲಿನದನ್ನೆಲ್ಲ ಬಾಡಿಗೆಗೆ ಕೊಟ್ಟು, ಕೆಳಗಿನ ಮನೆಯಲ್ಲಿದ್ದಾನೆ. ನಾನು ಅಮೃತಹಳ್ಳಿಯಲ್ಲಿ ಒಂಟಿ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ.

ನಮ್ಮ ನೋಡುವಿಕೆಗೆ ಕಟ್ಟುನಿಟ್ಟಿತ್ತು. ತೀರ್ಪುಗಾರರು ರಿಂಗಿನ ಬೇರೆ ಬೇರೆ ಬದಿಯಲ್ಲಿ ಕೂರುವ ಹಾಗೆ ಅವನು ಟಿವಿಯ ಎಡಕ್ಕೆ ಸೋಫಾದಲ್ಲಿ, ನಾನು ಬಲಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು, ನೆಲಕ್ಕೆ ಬಿದ್ದಿದ್ದರೆ ಎಂಟು. ಪ್ರತಿ ಸುತ್ತಿನ ಕೊನೆಗೆ ಅವರವರ ಚೀಟಿಯಲ್ಲಿ ಅವರವರು ಬರೆಯಬೇಕು, ಪಂದ್ಯ ಮುಗಿಯುವ ತನಕ ತೋರಿಸಬಾರದು. ಆಟಗಾರರ ಹೆಸರನ್ನೂ ಎತ್ತುವಂತಿಲ್ಲ, ದೊಡ್ಡ ಹೆಸರಿಗೆ ಪುಕ್ಕಟೆ ಅಂಕ ಬಿದ್ದುಬಿಡುತ್ತದೆ. ಬಿಳಿ ಚಡ್ಡಿ, ಕರಿ ಚಡ್ಡಿ, ಅಷ್ಟೇ. ಚೀಟಿ ಬಿಚ್ಚಿದ ಮೇಲೆ ನಿಜವಾದ ಕಾಳಗ.

ಹದಿನೈದು ಸುತ್ತಿನ ಒಂದು ಹಳೆಯ ಪಂದ್ಯವಿದೆ. ಅದರ ಹದಿಮೂರನೇ ಸುತ್ತು ಯಾರದ್ದು ಎಂದು ನಾವು ವರ್ಷಗಟ್ಟಲೆ ಜಗಳವಾಡಿದ್ದೇವೆ. ಬಿಳಿ ಚಡ್ಡಿಯವನು ಹಿಂದೆ ಸರಿಯುತ್ತಲೇ ಗುದ್ದುತ್ತಾನೆ, ಕರಿ ಚಡ್ಡಿಯವನು ತಲೆ ತಗ್ಗಿಸಿ ನುಗ್ಗುತ್ತಾನೆ.

“ಇಂದಿಂದಕ್ಕೆ ಓಗೋನ್ಗೆ ಎಂಗಯ್ಯಾ ಪಟ್ಟ ಕಟ್ತೀಯ? ಗಂಡಸು ಅಂದ್ರೆ ಮುಂದಕ್ ಬರ್ಬೇಕು,” ಎನ್ನುತ್ತಿದ್ದ ಅವನು.

“ಮುಂದಕ್ಕೆ ಬಸ್ಸೂ ಹೋಗುತ್ತೆ ಕಣಯ್ಯಾ. ಏಟು ಎಲ್ಲಿ ಬಿತ್ತು, ಅದನ್ನ ಹೇಳು,” ಎನ್ನುತ್ತಿದ್ದೆ ನಾನು.

ಅವನ ಹೆಂಡತಿ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರೆ, ನಾವು ಆ ಕಾಳನ್ನೇ ತೆಗೆದುಕೊಂಡು ಬಿದ್ದ ಏಟಿಗೆ ಒಂದೊಂದರಂತೆ ಇಡುತ್ತಾ ಅದೇ ಸುತ್ತನ್ನು ಮತ್ತೆ ನೋಡುತ್ತಿದ್ದೆವು. ಅವನ ಕಾಳಿನ ಲೆಕ್ಕವೇ ಬೇರೆ, ನನ್ನದೇ ಬೇರೆ. ಎದುರಾಳಿ ತಡೆದು ಬರೀ ಕೈಗವಸಿಗೆ ತಾಗಿದ್ದಕ್ಕೂ ಅವನು ಕಾಳು ಇಡುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ನಾನೇನು ಕಡಿಮೆಯಿರಲಿಲ್ಲ ಅನ್ನಿ. “ಸಾಕು ಬುಡಿ ಅಣ್ಣ, ಸಾರಿಗ್ ಕಾಳೇ ಇಲ್ದಂಗ್ ಮಾಡ್ತೀರ ಇಬ್ರೂ ಸೇರ್ಕಂಡು,” ಎಂದು ಆಕೆ ಗದರಿ ಕಾಳು ಬಾಚಿಕೊಂಡು ಹೋದ ಮೇಲೆ ಊಟ. ಊಟದಲ್ಲೂ ಹದಿಮೂರನೇ ಸುತ್ತೇ. ವಾರವಿಡೀ ನನ್ನ ಜೊತೆ ಅಷ್ಟು ಹೊತ್ತು ಮಾತಾಡುವವರು ಬೇರೆ ಯಾರೂ ಇರಲಿಲ್ಲ. ಅದು ಆಗ ನನಗೆ ಗೊತ್ತಿರಲಿಲ್ಲ.

ಅವನ ಮಗಳು ನಮ್ಮಿಬ್ಬರ ಕೈಯಲ್ಲೂ ಬಾಕ್ಸಿಂಗ್ ಕಲಿತವಳು. ನನ್ನನ್ನು ಮಾವ ಎನ್ನುತ್ತಿದ್ದಳು. ಮೂರು ವರ್ಷದ ಹಿಂದೆ ರಾಜ್ಯ ತಂಡದ ಆಯ್ಕೆಯಲ್ಲಿ ಅವಳ ಪಂದ್ಯಕ್ಕೆ, ಆಟ ಬಿಟ್ಟ ಮೇಲೆ ತೀರ್ಪುಗಾರಿಕೆಗೆ ಹೋಗುತ್ತಿದ್ದ ನಾನೂ ಐದು ಜನ ತೀರ್ಪುಗಾರರಲ್ಲಿ ಒಬ್ಬನಾದೆ. ಹುಡುಗಿ ನನಗೆ ಬೇಕಾದವಳು, ಬೇರೆಯವರನ್ನು ಕೂರಿಸಿ ಎಂದು ಮುಖ್ಯಸ್ಥರಿಗೆ ಹೇಳಿದೆ. ಅವತ್ತು ತೀರ್ಪುಗಾರರೊಬ್ಬರು ಬಂದಿರಲಿಲ್ಲ, ಬದಲಿಗೆ ಯಾರೂ ಇರಲಿಲ್ಲ. “ಇಲ್ಲಿ ಎಲ್ರಿಗೂ ಎಲ್ರೂ ಬೇಕಾದೋರೇ ಕಣ್ರೀ, ಕೂತ್ಕೊಳ್ಳಿ,” ಎಂದರು. ಕೂತೆ. ಮೊದಲ ಸುತ್ತು ಇವಳದು, ಎರಡನೆಯದು ಎದುರಾಳಿ ಹುಡುಗಿಯದು. ಮೂರನೆಯದನ್ನು ನಾನು ಆ ಹುಡುಗಿಗೆ ಕೊಟ್ಟೆ. ತೀರ್ಪುಗಾರರ ಮೂರು-ಎರಡು ಮತದಲ್ಲಿ ಇವಳು ಸೋತಳು. ಯಾವ ಕುರ್ಚಿಯವರು ಯಾರಿಗೆ ಕೊಟ್ಟರು ಎಂದು ಹಲಗೆಯ ಮೇಲೆ ಬರೆದು ಹಾಕಿದರು.

ಆಯ್ಕೆ ಮುಗಿಯುವ ತನಕ ತೀರ್ಪುಗಾರ ಆಟಗಾರರ ಕಡೆಯವರ ಜೊತೆ ಮಾತಾಡಬಾರದು ಎಂಬುದು ನಿಯಮ. ಬಾಗಿಲ ಹತ್ತಿರ ಬೆಂಚಿನ ಮೇಲೆ ಗೆಳೆಯ ಮಗಳ ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಿದ್ದ. ನಾನು ನೇರ ನೋಡಿಕೊಂಡು ಅವರ ಮುಂದೆಯೇ ಹಾದುಹೋದೆ. ನಿಯಮ ಪಾಲಿಸಿದೆ ಎಂದು ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಭಾನುವಾರ ಚಪ್ಪಲಿ ಮೆಟ್ಟಿದವನು ವಾಪಸ್ ಬಿಚ್ಚಿದೆ. ಹೋದರೆ ಕ್ಷಮೆ ಕೇಳಲು ಬಂದ ಹಾಗಾಗುತ್ತದೆ. ಕ್ಷಮೆ ಕೇಳಿದರೆ ತೀರ್ಪು ತಪ್ಪು ಎಂದ ಹಾಗಾಗುತ್ತದೆ. ಸಿಟ್ಟಿದ್ದರೆ ಅವನೇ ಫೋನ್ ಮಾಡಿ ಬೈಯಲಿ ಎಂದುಕೊಂಡೆ. ಅವನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಸರಿಯಾಗಿ ಬರೆದದ್ದಕ್ಕೆ ಇದು ಶಿಕ್ಷೆಯಾ ಎಂದು ಮೊದಲು ಕೋಪ ಬಂತು. ಆಮೇಲೆ ಕೋಪವೂ ಹೋಗಿ ಭಾನುವಾರಗಳು ಮಾತ್ರ ಉಳಿದವು.

ಒಬ್ಬನೇ ನೋಡಲು ಹೊರಟೆ. ಒಬ್ಬನದೇ ಚೀಟಿಯಾದರೆ ಎಲ್ಲ ಪಂದ್ಯವೂ ಸರ್ವಾನುಮತ. ಕೊನೆಗೆ ಎರಡು ಚೀಟಿ ಇಟ್ಟುಕೊಂಡು ಒಂದರಲ್ಲಿ ಅವನ ಪರವಾಗಿಯೂ ಬರೆಯತೊಡಗಿದೆ. ಅವನು ಹೇಗೆ ಬರೆಯುತ್ತಾನೆಂದು ನನಗೆ ಗೊತ್ತಿಲ್ಲವೇ? ಆದರೆ ಹತ್ತು ಸುತ್ತಿಗೊಂದು ಸಲ ಅವನು ನನ್ನನ್ನೇ ಬೆಚ್ಚಿಬೀಳಿಸುತ್ತಿದ್ದ, ಅದನ್ನು ನಾನು ಹೇಗೆ ಬರೆಯಲಿ? ಮೊಬೈಲಿನಲ್ಲಿ ಪಂದ್ಯಗಳ ಕೆಳಗೆ ಜನ ವಾದ ಮಾಡುತ್ತಾರಲ್ಲ, ಅಲ್ಲಿಗೂ ಹೋದೆ. ಹದಿಮೂರನೇ ಸುತ್ತಿನ ಬಗ್ಗೆ ಅರ್ಧ ಗಂಟೆ ಕೂತು ಬರೆದು ಹಾಕಿದೆ. “ಅಂಕಲ್, ಕನ್ನಡಕ ಹಾಕ್ಕೊಳ್ಳಿ,” ಎಂದು ಒಬ್ಬ ಉತ್ತರ ಕೊಟ್ಟ. ಅಷ್ಟಕ್ಕೇ ನನಗೆ ಕಣ್ಣಲ್ಲಿ ನೀರು ಬಂತು.

ಹೋದ ತಿಂಗಳು ಹಳೆಯ ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಗೆಳೆಯನ ಮಗಳ ಅದೇ ಪಂದ್ಯ, ನನ್ನ ಎದುರು ಬದಿಯಿಂದ ತೆಗೆದದ್ದು. ಸದ್ದು ಆರಿಸಿ ಮೂರು ಸಲ ನೋಡಿದೆ. ಮೂರನೇ ಸುತ್ತಿನಲ್ಲಿ ನನ್ನ ಕಡೆಗೆ ರೆಫರಿಯ ಬೆನ್ನು ಅಡ್ಡವಿತ್ತು. ಅದರ ಆಚೆ ಇವಳ ಬಲಗೈ ನಾಲ್ಕು ಸಲ ಸರಿಯಾಗಿ ಬಿದ್ದಿದೆ. ಸುತ್ತು ಇವಳದು. ನನ್ನ ಒಂದು ಚೀಟಿ ಆಚೆಯಿಂದ ಈಚೆಗೆ ಬಂದಿದ್ದರೆ ಇವಳು ಗೆಲ್ಲುತ್ತಿದ್ದಳು. ಸೋಲಿಸಿದ್ದು ನಾನೇ. ಅದರ ಹಿಂದೆಯೇ, ಹೇಳಲು ನಾಚಿಕೆ, ಸಂತೋಷವೂ ಆಯಿತು. ಈಗ ಅವನ ಮನೆಗೆ ಹೋಗಲು ನನಗೊಂದು ಕಾರಣ ಸಿಕ್ಕಿತ್ತು.

ಆ ಭಾನುವಾರವೇ ಹೋದೆ. ತಲೆಯ ಮೇಲೆ ಜಕ್ಕೂರಿನ ಹಾರಾಟ ಶಾಲೆಯ ಪುಟ್ಟ ತರಬೇತಿ ವಿಮಾನಗಳು ಸುತ್ತುತ್ತಿದ್ದವು. ಗೆಳೆಯ ಬಾಗಿಲು ತೆಗೆದು, “ಓ, ಬಾ, ಕೂತ್ಕೊ,” ಎಂದ. ಅವನ ಹೆಂಡತಿ ಕಪ್-ಸಾಸರಿನಲ್ಲಿ ಕಾಫಿ ತಂದರು. ಮೊದಲೆಲ್ಲ ನನಗೆ ಮನೆಯವರ ಜೊತೆ ಸ್ಟೀಲ್ ಲೋಟ.

“ಮೂರನೇ ಸುತ್ತು ನಿನ್ನ ಮಗಳದ್ದು ಕಣೋ. ನಾನು ತಪ್ಪು ಬರೆದೆ,” ಎಂದೆ.

ಯಾವ ಸುತ್ತು ಎಂದು ಅವನು ನೆನಪು ಮಾಡಿಕೊಳ್ಳಬೇಕಾಯಿತು. “ಅದಾ? ನಾನೂ ಆ ಉಡ್ಗೀಗೇ ಕೊಟ್ಟಿದ್ದೆ. ಇವ್ಳು ಕೈ ಕೆಳಗ್ ಬಿಟ್ಟಿದ್ಲು. ನೀನ್ ಸರ್ಯಾಗೇ ಬರ್ದಿದ್ದೆ.”

“ಮತ್ತೆ ಮಾತು ಯಾಕೆ ಬಿಟ್ಟೆ?”

“ನಾನೆಲ್ ಬಿಟ್ಟೆ? ಅವತ್ತು ಬೆಂಚ್ ಮೇಲೆ ಅಳ್ತಾ ಕೂತಿದ್ ಮಗು, ಮಾವ ಬಂದ ಅಂತ ಎದ್ ನಿಂತ್ಕಂಡ್ಲು. ನೀನು ತಿರ್ಗೂ ನೋಡ್ದೆ ಓದೆ. ಓಗ್ಲಿ, ರೂಲ್ಸು ಅಂದ್ಕೊಂಡೆ. ಭಾನುವಾರ ಬತ್ತೀಯ ಅಂತ ಟಿವಿ ಆಕ್ಕೊಂಡ್ ಕೂತಿದ್ದೆ. ಅದ್ರ ಮುಂದಿನ್ ವಾರಾನೂ ಕೂತಿದ್ದೆ. ಆಮೇಲೆ ಅಭ್ಯಾಸ ತಪ್ಪೋಯ್ತು.”

ಅವಳು ಎದ್ದು ನಿಂತದ್ದನ್ನು ನಾನು ನೋಡಿರಲಿಲ್ಲ. ನೇರ ನೋಡಿಕೊಂಡು ನಡೆದಿದ್ದೆನಲ್ಲ.

“ಈಗ ಆಡ್ತಾಳಾ?” ಎಂದೆ.

“ಇಲ್ಲ. ಜಿಮ್ಮಲ್ಲಿ ಏಳ್ಕೊಡ್ತಾಳೆ. ಚೆನ್ನಾಗವ್ಳೆ.”

ನಾನು ಮೊಬೈಲ್ ತೆಗೆದು ಮೂರನೇ ಸುತ್ತು ಹಚ್ಚಿದೆ. ಈ ಬಲಗೈ ನೋಡು, ಈ ಏಟು ನೋಡು ಎಂದು ತೋರಿಸಿದೆ. ಅವನು ಬೈಯಲಿ, ನಿನಗೆ ಕಣ್ಣಿಲ್ಲ ಎನ್ನಲಿ, ಮಗಳು ಸೋತಳೆಂದೇ ಹಟ ಹಿಡಿಯಲಿ ಎಂದು ಕಾದೆ. ಅವನು ಮರ್ಯಾದೆಗೆ ಕೊನೆಯ ತನಕ ನೋಡಿದ.

“ಸರಿ, ನೀನ್ ಏಳ್ದಂಗೇ ಇರ್ಲಿ ಬಿಡು,” ಎಂದ.

“ಹಂಗ್ ಒಪ್ಕೋಬೇಡ ಕಣೋ. ಇನ್ನೊಂದ್ ಸಲ ನೋಡಿ ಹೇಳು.”

“ಇರ್ಲಿ ಬಿಡು ಅಂದ್ನಲ್ಲ. ಕಾಫಿ ಆರೋಯ್ತದೆ, ಕುಡಿ.”

ಕಾಫಿ ಕುಡಿದು ಎದ್ದೆ. ಅವನು ಗೇಟಿನ ತನಕ ಬಂದ. ಮುಂದಿನ ಭಾನುವಾರ ಬರಲಾ ಎಂದು ಕೇಳಿದೆ.

“ಬಾ ಬಾ, ಊಟಕ್ಕೇ ಬಾ,” ಎಂದ. “ಬರೋಕ್ ಮುಂಚೆ ಒಂದ್ ಫೋನ್ ಮಾಡು. ನಾವು ಮನೇಲಿರ್ತೀವೋ ಇಲ್ವೋ.”

ಇಪ್ಪತ್ತೆರಡು ವರ್ಷದಲ್ಲಿ ಆ ಮನೆಗೆ ಒಂದು ಸಲವೂ ನಾನು ಮೊದಲೇ ಹೇಳಿ ಹೋದವನಲ್ಲ. ಆಯ್ತು, ಮಾಡ್ತೀನಿ ಎಂದೆ.