ನಾನಿಲ್ಲದ ಲಗೋರಿ

ಆಟ ಆಡಿಸಿ ಲೋಕ ಉದ್ಧಾರ ಮಾಡುವುದು ಹೇಗೆ ಎಂದು ನನಗೆ ಜಯನಗರದ ಒಂದು ಮೈದಾನದಲ್ಲಿ ಹೇಳಿಕೊಟ್ಟರು. ಅದರ ಹೆಸರು ಯುವ ನಾಯಕತ್ವ ತರಬೇತಿ. ಪಾಸಾದವರನ್ನು ಆಫ್ರಿಕಾದ ಒಂದು ದೇಶಕ್ಕೆ ಕಳಿಸುತ್ತಾರೆ, ಅಲ್ಲಿನ ಹುಡುಗಿಯರಿಗೆ ಆಟ ಕಲಿಸುವುದಕ್ಕೆ. ಕನಕಪುರ ರಸ್ತೆ ಬಿಟ್ಟು ಹೆಚ್ಚು ದೂರ ಹೋಗದ ನನಗೆ ಹೋಗಲೇಬೇಕೆಂಬ ಹಟ ಹತ್ತಿತು. ಪಾಸ್‌ಪೋರ್ಟನ್ನೂ ಮಾಡಿಸಿಟ್ಟುಕೊಂಡೆ. ಅದರ ಫೋಟೋದಲ್ಲಿ ಯಾರಿಗೋ ಹೊಡೆಯಲು ಹೊರಟವಳ ಹಾಗಿದ್ದೇನೆ. ಅದೇನೂ ಸುಳ್ಳಲ್ಲ.

ತರಬೇತುದಾರರು ವಿದೇಶದವರು. ನಮ್ಮ ಬಿಸಿಲಿಗೆ ಟೊಮೇಟೊ ಹಣ್ಣಿನಂತೆ ಕೆಂಪಾಗಿ ನಿಂತು ದಿನವೂ ಒಂದೇ ಮಾತು ಹೇಳುತ್ತಿದ್ದರು: ತಾನು ಇಲ್ಲದಿದ್ದರೂ ಆಟ ನಡೆಯುವಂತೆ ಮಾಡುವವನೇ ನಾಯಕ, ಕೊನೆಗೆ ಅವನು ಯಾರಿಗೂ ಬೇಡವಾಗಬೇಕು. "ಮನೇಲಿ ನಾನು ಆಗ್ಲೇ ಆ ಲೆವೆಲ್‌ಗೆ ಬಂದಿದೀನಿ ಗುರು" ಎಂದು ಪಕ್ಕದಲ್ಲಿದ್ದ ಯಡಿಯೂರಿನ ಹುಡುಗನಿಗೆ ಪಿಸುಗುಟ್ಟಿದೆ. ಅವನು ನಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಪ್ರಾಣಿ ಅವನು.

ಕೊನೆಯ ಪರೀಕ್ಷೆ ಹೀಗಿತ್ತು. ನಮ್ಮ ನಮ್ಮ ಏರಿಯಾದಲ್ಲಿ, ಆಟ ಬಿಟ್ಟು ಎಷ್ಟೋ ಕಾಲವಾದವರನ್ನು ಸೇರಿಸಿ, ಅಂಪೈರ್ ಇಲ್ಲದೆ ಆಡಿಸಬೇಕು. ಜಗಳ ಬಂದರೆ ಅವರವರೇ ಮಾತಾಡಿ ಬಗೆಹರಿಸಿಕೊಳ್ಳಬೇಕು. ಕೋಣನಕುಂಟೆಯ ನಮ್ಮ ಬೀದಿಯಲ್ಲಿ ಅಂಥವರೆಂದರೆ ಆಂಟಿಯರು. ಪಾರ್ಕಿನಲ್ಲಿ ಚೆಂಡಾಟ ಆಡಬಾರದೆಂದು ಬೋರ್ಡು ಹಾಕಿದ್ದರಿಂದ, ಮೂಲೆ ಮನೆ ಆಂಟಿಯ ಖಾಲಿ ಸೈಟಿನಲ್ಲಿ ಲಗೋರಿ ಎಂದು ನಿಶ್ಚಯವಾಯಿತು. ಏಳು ಚಪ್ಪಟೆ ಕಲ್ಲು ಪೇರಿಸಿ ಚೆಂಡಿನಿಂದ ಉರುಳಿಸುವುದು, ಎದುರಾಳಿಗಳ ಏಟು ತಪ್ಪಿಸಿಕೊಂಡು ಮತ್ತೆ ಪೇರಿಸುವುದು.

ಮೊದಲ ದಿನವೇ ಮೂಲೆ ಮನೆ ಆಂಟಿ, "ಸೈಟ್ ನಂದು, ನಾನ್ ಔಟ್ ಆಗಲ್ಲ" ಎಂದರು. ಆ ಬೀದಿಯ ಅರ್ಧ ಮನೆಗಳು ಅವರವೇ. ಆಡುವವರಲ್ಲಿ ಅರ್ಧ ಜನ ಅವರ ಬಾಡಿಗೆದಾರರು. ಬಾಯಿ ಹಾಕಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು, ಕಚ್ಚಿಕೊಂಡೆ. ಒಂದು ವಾರದ ಚರ್ಚೆಯ ನಂತರ, ಬಾಡಿಗೆಯವರು ಓನರಿಗೂ ಚೆಂಡಿನಲ್ಲಿ ಹೊಡೆಯಬಹುದು, ಆದರೆ ಮಂಡಿಗೆ ಮಾತ್ರ ಬೇಡ ಎಂಬ ತೀರ್ಮಾನವಾಯಿತು. ಮರುದಿನದಿಂದ ಬಾಡಿಗೆದಾರರು ಒಬ್ಬರೂ ಒಂದು ದಿನವೂ ಆಟಕ್ಕೆ ಚಕ್ಕರ್ ಹಾಕಲಿಲ್ಲ.

ನಮ್ಮಮ್ಮ ನೈಟಿಯ ಮೇಲೆ ದುಪಟ್ಟಾ ಹಾಕಿಕೊಂಡು, ನನ್ನ ಹಳೆಯ ಸ್ಕೂಲ್ ಶೂ ಮೆಟ್ಟಿಕೊಂಡು ಬರುತ್ತಿದ್ದಳು. ಅವಳ ಗುರಿ ತಪ್ಪುತ್ತಲೇ ಇರಲಿಲ್ಲ. "ಇಲ್ಲೆಲ್ಲಾ ತೋಪಿದ್ದಾಗ ಮಾವಿನ್‌ಕಾಯಿ ಬೀಳಿಸಿದ್ ಕೈ ಕಣೇ ಇದು" ಎಂದು ಜಂಬ ಕೊಚ್ಚಿದಳು.

ಪರೀಕ್ಷೆಯ ದಿನ ತರಬೇತುದಾರರು ಬಂದರು. ಅನುವಾದಕ್ಕೆ ಯಡಿಯೂರಿನ ಹುಡುಗ. ಆಟ ಸಖತ್ತಾಗಿ ನಡೆಯಿತು. ಔಟಾದ ಮೂಲೆ ಮನೆ ಆಂಟಿ ಒಂದಿಷ್ಟು ಕೂಗಾಡಿ ತಾವೇ ಹೊರಗೆ ನಡೆದರು. ನಾನು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತೇ ಇದ್ದೆ. ಆಫ್ರಿಕಾ ಕಣ್ಣಿಗೆ ಕಾಣತೊಡಗಿತ್ತು.

ಕೊನೆಗೆ ಎಲ್ಲರನ್ನೂ ಕೂರಿಸಿ ತರಬೇತುದಾರರು ಒಂದೇ ಪ್ರಶ್ನೆ ಕೇಳಿದರು. ನಾಳೆಯಿಂದ ಈ ಹುಡುಗಿ ಬರದಿದ್ದರೆ ಏನು ಮಾಡುತ್ತೀರಿ?

"ಅಯ್ಯಯ್ಯೋ! ಇವ್ಳಿಲ್ದಿದ್ರೆ ಇಲ್ಲಿ ಒಂದ್ ಕಲ್ಲೂ ಅಲ್ಲಾಡಲ್ಲ ಸಾರ್!" ಎಂದರು ಮೂಲೆ ಮನೆ ಆಂಟಿ.

"ನಮಗೇನ್ ಬರುತ್ತೆ ಸಾರ್, ಎಲ್ಲಾ ಇವ್ಳೇ" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆ ಮನೆಯ ಅಡುಗೆಯವರಿಂದ ಹಿಡಿದು ರಿಟೈರಾಗುವ ಹೆಡ್‌ಮಾಸ್ಟರರವರೆಗೆ ಎಲ್ಲರಿಗೂ ಇದನ್ನೇ ಹೇಳುವುದು. ನಾನು ಕಣ್ಣು ಬಿಟ್ಟೆ, ತಲೆ ಅಲ್ಲಾಡಿಸಿದೆ, ಬೇಡ ಬೇಡ ಎಂದು ಕೈ ಆಡಿಸಿದೆ. ಹುಡುಗಿಗೆ ನಾಚಿಕೆ ಎಂದುಕೊಂಡು ಆಂಟಿಯರು ಇನ್ನಷ್ಟು ಹೊಗಳಿದರು. ಆ ಹುಡುಗ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದ. ಅವನ ಮಂಡಿಗೇ ಚೆಂಡು ಬೀಸೋಣ ಅನ್ನಿಸಿತು. ತರಬೇತುದಾರರು ಬೇಸರದಿಂದ ನನ್ನ ಕಡೆ ನೋಡಿ, ಈ ಸಲ ಆಗಲಿಲ್ಲ ಎಂದರು.

ಮನೆಗೆ ಬಂದು ಕಿರುಚಾಡಿದೆ.

"ಹೊಗಳಿದ್ರೆ ಫೇಲ್ ಮಾಡ್ತಾರಾ? ಎಂಥಾ ಜನಾನೇ ಅವ್ರು?" ಎಂದಳು ಅಮ್ಮ. ನಾನು ಬಿಡಿಸಿ ಹೇಳಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಮೂಲೆ ಮನೆ ಕಡೆ ಹೋದಳು.

ಮಾರನೆಯ ಬೆಳಿಗ್ಗೆ ಗಲಾಟೆಗೆ ಎಚ್ಚರವಾಗಿ ಓಡಿದರೆ ಸೈಟಿನಲ್ಲಿ ಲಗೋರಿ ಜೋರಾಗಿ ನಡೆದಿದೆ. ಯಡಿಯೂರಿನ ಹುಡುಗ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾನೆ, ಅಮ್ಮನೇ ಕರೆಸಿದ್ದಳು. ನಾನು ಒಳಗೆ ಕಾಲಿಡುವಷ್ಟರಲ್ಲಿ ಮೂಲೆ ಮನೆ ಆಂಟಿ ಎರಡೂ ಕೈ ಚಾಚಿ ಅಡ್ಡ ನಿಂತರು.

"ಒಳಗ್ ಬಂದ್ರೆ ನೋಡು! ನೀನ್ ನಮಗ್ ಬೇಡ!" ಆಮೇಲೆ ಮೊಬೈಲಿನ ಕಡೆ ತಿರುಗಿ, "ಸಾರ್, ಇವ್ಳು ಯಾರೂಂತ್ಲೇ ನಮಗ್ ಗೊತ್ತಿಲ್ಲ ಸಾರ್!"

ಆ ವಿಡಿಯೋವನ್ನು ಯಾರೂ ನಂಬುವಂತಿರಲಿಲ್ಲ. ತರಬೇತುದಾರರೂ ನಂಬಲಿಲ್ಲ. ಆದರೆ ಎರಡು ವಾರ ಬಿಟ್ಟು, ಯಾರಿಗೂ ಹೇಳದೆ ತಾವೇ ಬಂದು ರಸ್ತೆಯಾಚೆ ನಿಂತು ನೋಡಿದರಂತೆ. ನಾನಿಲ್ಲದೆಯೇ ಆಟ ನಡೆಯುತ್ತಲೇ ಇತ್ತು. ಸಂಜೆ ಫೋನ್ ಮಾಡಿ, ಬಟ್ಟೆ ಜೋಡಿಸಿಕೋ ಎಂದರು. ನಾನು ಕುಣಿದಾಡಿಬಿಟ್ಟೆ.

ಇನ್ನು ನಾಟಕ ಮುಗಿಯಿತಲ್ಲ, ನಾಳೆ ನಾನೂ ಆಡಬಹುದು ಎಂದುಕೊಂಡು ಬೆಳಿಗ್ಗೆ ಶೂ ಕಟ್ಟಿಕೊಂಡು ಸೈಟಿಗೆ ಹೋದೆ. ಎರಡೂ ಕಡೆ ಸರಿಸಮ ಜನ ಆಗಲೇ ಹಂಚಿಕೊಂಡು ನಿಂತಿದ್ದರು.

"ನೀನ್ ಬಂದ್ರೆ ಒಬ್ಳು ಜಾಸ್ತಿ ಆಗ್ತೀಯಲ್ಲಮ್ಮಾ" ಎಂದರು ಮೂಲೆ ಮನೆ ಆಂಟಿ. ಈಗ ಅಲ್ಲಿ ಮೊಬೈಲ್ ಇರಲಿಲ್ಲ.

ಅಮ್ಮ ಕಲ್ಲಿಗೆ ಗುರಿ ಹಿಡಿದಿದ್ದಳು. ನನ್ನ ಕಡೆ ತಿರುಗಲೂ ಇಲ್ಲ. "ಕುಕ್ಕರ್ ಇಟ್ ಬಂದಿದೀನಿ. ಮೂರ್ ವಿಶಲ್ ಬಂದ್ಮೇಲೆ ಆಫ್ ಮಾಡು, ಹೋಗು."

ಹೋದೆ. ಒಲೆಯ ಮುಂದೆ ನಿಂತು, ಪಾಸಾದವಳು ಅಳಬಾರದೆಂದುಕೊಂಡೇ ಅತ್ತೆ. ಕಿಟಕಿಯಾಚೆ ಕಲ್ಲು ಉರುಳಿದ ಸದ್ದು, ಹಿಂದೆಯೇ ಅಮ್ಮ ಕೇಕೆ ಹಾಕಿ ನಕ್ಕ ಸದ್ದು. ಈ ಅಡುಗೆಮನೆಯಲ್ಲಿ ಅವಳು ಒಂದು ದಿನವೂ ಹಾಗೆ ನಕ್ಕಿರಲಿಲ್ಲ.