ಕಿರೀಟದ ಹೆಂಗಸು ಬಸ್ಸು ಹತ್ತಿದಳೇ?

ದೆವ್ವ, ಕಣಿ, ಹೋದ ಜನ್ಮ ಇವೆಲ್ಲ ನನಗೆ ಒಗ್ಗಿದ ಮಾತಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ‘ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ರಾ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ನೀವೂ ನನ್ನನ್ನು ಹಾಗೇ ಕೇಳಬಹುದು. ಮೊದಲೇ ಹೇಳಿಬಿಡುತ್ತೇನೆ, ಚೆನ್ನಾಗಿ ನಿದ್ದೆ ಮಾಡಿದ್ದೆ, ಹೊಟ್ಟೆ ತುಂಬ ತಟ್ಟೆ ಇಡ್ಲಿ ತಿಂದಿದ್ದೆ, ನಡೆದದ್ದು ಹಾಡಹಗಲಲ್ಲಿ.

ಎರಡು ವರ್ಷದ ಹಿಂದಿನ ಮಾತು. ಗೆಳತಿ ಗಿರಿಜಾ ತುಮಕೂರಿನವಳು, ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವಳು, ನನ್ನ ಹಾಗೇ ಕತೆ ಬರೆಯುವವಳು. ನಾನು ಕುಣಿಗಲ್‌ನವಳು. ವರ್ಷಕ್ಕೊಮ್ಮೆ ಇಬ್ಬರೂ ಎಲ್ಲಾದರೂ ಸುತ್ತಿ, ಉಳಿದ ಲೇಖಕರನ್ನೆಲ್ಲ ಮನಸಾರೆ ಆಡಿಕೊಂಡು ಬರುವುದು ವಾಡಿಕೆ. ಅದಕ್ಕೆ ಸಾಹಿತ್ಯ ಪ್ರವಾಸ ಎಂದು ಹೆಸರಿಟ್ಟಿದ್ದೇವೆ. ಇದು ನಡೆಯುವ ಹಿಂದಿನ ವರ್ಷ ನನ್ನ ಮಂಡಿಯ ಆಪರೇಷನ್ ಆಗಿ, ಅವರೆಕಾಯಿಯ ಕಾಲ ಮುಗಿಯುವ ತನಕ ಹೊಸಿಲು ದಾಟಿರಲಿಲ್ಲ. ಮರುವರ್ಷ ಹಳೇ ನಾಟಕದವರ ಬೀದಿಗಳನ್ನು ನೋಡೋಣವೆಂದು ಗುಬ್ಬಿಗೆ ಹೊರಟೆವು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಸಾಹಿತ್ಯಕ್ಕೂ ಅಷ್ಟಿಷ್ಟು ಒಳ್ಳೆಯದಾಗಿದೆ.

ಬಸ್ಸಿನಲ್ಲಿ ಗಿರಿಜಾ, “ಇನ್ನು ಬರೆಯಲ್ಲ ಕಣೇ, ಸಾಕಾಯ್ತು” ಅಂದಳು. ತಮಾಷೆ ಅಂದುಕೊಂಡೆ, ಅಲ್ಲ. ಒಂದು ಕತೆ ಎಷ್ಟೋ ಕಾಲದಿಂದ ತಲೆಯಲ್ಲೇ ಅರ್ಧಕ್ಕೆ ನಿಂತುಬಿಟ್ಟಿದೆಯಂತೆ, ಅದು ಮುಗಿಯದೆ ಬೇರೇನೂ ಹುಟ್ಟುತ್ತಿಲ್ಲವಂತೆ. ಯಾವ ಕತೆ ಎಂದರೆ ಹೇಳಲಿಲ್ಲ. ಬರೆಯುವ ಮುಂಚೆ ಹೇಳಿದ ಕತೆ ಹಳಸಿಹೋಗುತ್ತದೆ ಎಂಬುದು ಅವಳ ನಂಬಿಕೆ. ಗಂಡನ ಮುಂದೂ ಬಾಯಿ ಬಿಟ್ಟವಳಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಇವಳು ಬರೆಯುವುದನ್ನು ಬಿಟ್ಟರೆ ನಾನು ಇನ್ಯಾರ ಜೊತೆ ಜಗಳ ಕಾಯಲಿ?

ಗುಬ್ಬಿಯಲ್ಲಿ ಸ್ವಲ್ಪ ಸುತ್ತುವಷ್ಟರಲ್ಲಿ ನನ್ನ ಮಂಡಿ ತಕರಾರು ತೆಗೆಯಿತು. ಒಂದು ಮನೆಯ ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ಸ್ವಲ್ಪ ಕೂರಬಹುದಾ ಎಂದು ಕೇಳುವ ಮೊದಲೇ ಅವರ ಮುಖ ಅರಳಿತು.

“ಬನ್ನಿ ಬನ್ನಿ, ಕೂತ್ಕಳಿ. ಅವ್ರೆಕಾಯಿ ಬಂದ್ರೂ ನೀವು ಬರ್ಲಿಲ್ವಲ್ಲ ಅಂತಿದ್ದೆ. ಕಿರೀಟ ಹಾಕ್ಕಂಡು ಬಸ್ ಸ್ಟ್ಯಾಂಡ್ನಾಗೆ ನಿಂತಿದ್ಲಲ್ಲ ಆಯಮ್ಮ, ಬಸ್ಸು ಹತ್ತುದ್ಲಾ, ಇಲ್ವಾ? ಅರ್ಧಕ್ಕೆ ಬುಟ್ಟು ಎದ್ದೋದ್ರಲ್ಲ.”

ಬೇರೆ ಯಾರನ್ನೋ ಅಂದುಕೊಂಡಿದ್ದೀರಿ, ನಾವು ಈ ಬೀದಿಗೆ ಇದೇ ಮೊದಲು ಬರುತ್ತಿರುವುದು ಎಂದೆ.

“ಏನವ್ವ ಹಂಗಂತೀರಿ, ಹೋದೊರ್ಷ ಇದೇ ಜಗಲಿ ಮ್ಯಾಲೆ ಇಬ್ರೂವೆ ಕೂತು ಅವ್ರೆ ಹಿದುಕ್ಲಿಲ್ವಾ?” ಎಂದವರು ಗಿರಿಜಾಳ ಕಡೆ ತಿರುಗಿ, ಅವಳಿಗೆ ನೆನಪಾಗಲೆಂದು ಕತೆಯನ್ನೇ ಹೇಳತೊಡಗಿದರು. ನಾಟಕದ ಕಂಪನಿಯಲ್ಲಿ ಬಟ್ಟೆ ಹೊಲಿಯುವವಳೊಬ್ಬಳು, ಪರದೆಯ ಹಿಂದೆ ನಿಂತೇ ಆಯಸ್ಸು ಕಳೆದವಳು. ರಾಣಿ ಪಾರ್ಟಿನವಳು ಒಂದು ದಿನ ಬಾರದೆ ಹೋದಾಗ ಇವಳಿಗೇ ಕಿರೀಟ ತೊಡಿಸುತ್ತಾರೆ. ಇವಳು ಸ್ಟೇಜಿಗೆ ಹೋಗುವ ಬದಲು ಹಿಂದಿನಿಂದ ಜಾರಿಕೊಂಡು, ಕಿರೀಟದ ಸಮೇತ ಬಸ್ ಸ್ಟ್ಯಾಂಡಿಗೆ ನಡೆಯುತ್ತಾಳೆ.

“ಅದು ನನ್ನ ಕತೆ ಕಣೇ. ಒಂದು ಸಾಲೂ ಬರೆದಿಲ್ಲ” ಎಂದು ಗಿರಿಜಾ ನನ್ನ ಕಿವಿಯಲ್ಲಿ ಅಂದಳು.

ಜಗಲಿಯ ಹೆಂಗಸು ಬಿಡಬೇಕಲ್ಲ. ಅವರೆಯ ಪಾತ್ರೆಯನ್ನು ನಮ್ಮ ಮುಂದಕ್ಕೆ ತಳ್ಳಿ ಕಾಯುತ್ತಾ ಕೂತರು. ಸುಮ್ಮನಿರಲು ಭಯವಾಗಿ ನಾವೂ ಹಿದುಕತೊಡಗಿದೆವು. ಗಿರಿಜಾ ಹಿದುಕುತ್ತಲೇ, ತಲೆ ಎತ್ತದೆ ಅಂದಳು, “ಹತ್ತಿದ್ಲು.”

“ಆಮೇಕೆ?”

“ಬಸ್ಸು ತುಂಬಿತ್ತು. ಕಿರೀಟ ನೋಡಿ ಎಲ್ಲಾರೂ ಎದ್ದು ಜಾಗ ಬಿಟ್ರು. ಕೂತ್ಲು.”

“ಎಲ್ಲಿಗೋದ್ಲು?”

“ಗೊತ್ತಿಲ್ಲ. ಕೂತ್ಲು, ಅಷ್ಟೆ.” ಗಿರಿಜಾಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು.

ಆಕೆ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು, “ಹಂಗಾದ್ರೆ ಸರಿ ಬುಡು. ಪಾಪ, ನಿಂತೂ ನಿಂತೂ ಕಾಲು ಸೋತಿದ್ವು” ಎಂದರು.

ನಾನು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿ ಮುಗಿಸಿದ್ದೆ. ಗಿರಿಜಾ ಯಾವಾಗಲೋ ಬೇರೆ ಯಾರ ಜೊತೆಗೋ ಇಲ್ಲಿಗೆ ಬಂದು, ಹೇಳಿ, ಮರೆತಿರಬೇಕು. ವಯಸ್ಸಾಗುತ್ತಿದೆಯಲ್ಲ. ಅಷ್ಟು ಸಮಾಧಾನ ಮಾಡಿಕೊಂಡು ಮೆಟ್ಟಿಲು ಇಳಿಯುತ್ತಿದ್ದ ನನ್ನನ್ನು ಆಕೆ ಹಿಂದಿನಿಂದ ಕರೆದರು.

“ಅವ್ವಾ, ನಿಮ್ದೂ ಒಂದು ಬಾಕಿ ಐತಲ್ಲ. ಕೆರೆ ಏರಿ ಮ್ಯಾಲೆ ಕೊಡೆ ಮರ್ತು ಹೋದ್ನಲ್ಲ, ಅವ್ನು ತಿರ್ಗ ಬಂದ್ನಾ?”

ಆ ಕೊಡೆಯವನು ನಾನಿನ್ನೂ ಬರೆಯದ ಕತೆಯವನು, ನನ್ನ ತಲೆಯಲ್ಲಲ್ಲದೆ ಇನ್ನೆಲ್ಲೂ ಇರಲಿಲ್ಲ. ಗಿರಿಜಾಗೂ ಅವನ ಸುಳಿವು ಕೊಟ್ಟಿರಲಿಲ್ಲ. “ಮುಂದಿನ ಅವರೆಕಾಲಕ್ಕೆ ಹೇಳ್ತೀನಿ” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

“ಹೋದ್ಸಾರೀನೂ ಹಿಂಗೇ ಅಂದ್ರಿ” ಎಂದು ಆಕೆ ನಕ್ಕರು.

ಗಿರಿಜಾಳ ಕತೆ ಅಚ್ಚಾಯಿತು. ಈಗ ನಿಲ್ಲಿಸು ಎಂದರೂ ಅವಳು ಬರೆಯುವುದನ್ನು ನಿಲ್ಲಿಸುವುದಿಲ್ಲ, ನಮ್ಮ ಜಗಳಗಳೂ ಸೊಗಸಾಗಿ ನಡೆದಿವೆ. ನಾನು ಮಂಡಿ ಹಿಡಿದುಕೊಂಡು ಮನೆಯಲ್ಲಿದ್ದ ವರ್ಷ ನಮ್ಮ ಬದಲು ಆ ಜಗಲಿಯ ಮೇಲೆ ಯಾರು ಕೂತಿದ್ದರು ಎಂಬುದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ. ಗುಬ್ಬಿಗೆ ಹೋಗೋಣ ಬಾರೇ ಎಂದು ಗಿರಿಜಾ ಕರೆದಾಗಲೆಲ್ಲ ಮಂಡಿ ನೋವು ಎನ್ನುತ್ತೇನೆ. ಮಂಡಿ ಚೆನ್ನಾಗಿಯೇ ಇದೆ. ದಿನಾ ಸಂಜೆ ಕುಣಿಗಲ್ ಕೆರೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಕೊಡೆಯವನು ವಾಪಸು ಬಂದನೋ ಇಲ್ಲವೋ ನನಗಿನ್ನೂ ಗೊತ್ತಾಗಿಲ್ಲ. ಮಾರ್ಕೆಟ್ಟಿಗೆ ಆಗಲೇ ಅವರೆಕಾಯಿ ಬಂದಿದೆ.